ದಿಮ್ಮಿಯ ಮನೆಯೂ ಸೋಗೆಯ ಸೂರೂ

ಹುಬ್ಬಳ್ಳಿಯಿಂದ ಪಡುವಣಕ್ಕೆ ಹೊರಟ ಬಸ್ಸು ಕಲಘಟಗಿಯನ್ನು ದಾಟಿ ಕಿರವತ್ತಿಯನ್ನು ಸಮೀಪಿಸುವಷ್ಟರಲ್ಲಿ ಬಯಲುಸೀಮೆಯ ಕಪ್ಪು ಎರೆನೆಲ ಹಿಂದೆ ಉಳಿದು, ತೇಗದ ಮರಗಳ ಸಾಲು ಕಿಟಕಿಯ ಎರಡೂ ಬದಿಗೆ ಬಂದು ನಿಲ್ಲುತ್ತದೆ. ಯಲ್ಲಾಪುರದಲ್ಲಿ ಇಳಿದು ಶಿರಸಿಯ ಕಡೆಯ ಮತ್ತೊಂದು ಬಸ್ಸು ಹಿಡಿದರೆ ದಾರಿಯಲ್ಲಿ ಸಿಗುವ ಊರು ಉಮ್ಮಚಗಿ. ಕಣಿವೆಯ ತಳದಲ್ಲಿ ಅಡಿಕೆಯ ತೋಟ, ತೋಟದ ಮೇಲ್ಬದಿಗೆ ಸೊಪ್ಪಿನ ಬೆಟ್ಟ, ಅದರಾಚೆಗೆ ಸರಕಾರದ ಕಾಡು: ಈ ಸೀಮೆಯ ಊರುಗಳ ವಿನ್ಯಾಸವೇ ಹೀಗೆ. ಸಂಸ್ಕೃತ ಪಾಠಶಾಲೆಯುಳ್ಳ ಊರಾದ್ದರಿಂದ ಮಠದ ಪಾಠಶಾಲೆಯಲ್ಲಿ ಓದಿ ಬೆಳೆದ ನನ್ನಂಥವನಿಗೆ ಇಲ್ಲಿ ಅಪರಿಚಿತ ಭಾವ ಉಂಟಾಗುವುದಿಲ್ಲ. ಯೌವನದಲ್ಲಿ ನನ್ನೊಡನೆ ವ್ಯಾಕರಣ ಓದಿದ ಮಿತ್ರರೊಬ್ಬರು ಇಲ್ಲಿನ ತೋಟಿಗರು. ಮಾರ್ಗಶಿರದ ಕೊಯ್ಲಿನ ದಿನಗಳಲ್ಲಿ ಅವರ ಮನೆಯಲ್ಲಿ ಎರಡು ರಾತ್ರಿ ತಂಗುವ ಯೋಗ ಒದಗಿತು.

ಅಂಗಳದಲ್ಲಿ ಅಡಿಕೆ ಬೇಯುವ ಹಂಡೆ, ಜಗಲಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಸಿಪ್ಪೆ ಸುಲಿಯುವ ಹೆಣ್ಣುಮಕ್ಕಳು. ಅದೇ ಜಗಲಿಯ ಮೂಲೆಯಲ್ಲಿ ಮಿತ್ರರ ಮೊಮ್ಮಗ ಮರದ ಚಿಕ್ಕ ಚಿಕ್ಕ ತುಂಡುಗಳನ್ನು ಒಂದರ ಮೇಲೊಂದು ಅಡ್ಡಲಾಗಿ ಪೇರಿಸಿ ಮನೆಯೊಂದನ್ನು ಕಟ್ಟುತ್ತಿದ್ದ. ತುಂಡುಗಳ ತುದಿಯಲ್ಲಿ ಕಚ್ಚು ಕೊರೆದಿದ್ದುದರಿಂದ ಒಂದು ಇನ್ನೊಂದನ್ನು ಹಿಡಿದು ನಿಲ್ಲುತ್ತಿತ್ತು. ಅಮೇರಿಕದಲ್ಲಿ ನೆಲೆಸಿರುವ ಸೋದರಮಾವ ತಂದುಕೊಟ್ಟ ಆಟಿಕೆಯದು. ಅಲ್ಲಿ ಅದಕ್ಕೆ ಲಿಂಕನ್ ಲಾಗ್ಸ್ ಎಂದು ಹೆಸರು. ವಾಸ್ತುಶಿಲ್ಪಿ ಫ್ರ್ಯಾಂಕ್ ಲಾಯ್ಡ್ ರೈಟ್ ಎಂಬುವರ ಮಗ ಜಾನ್ ಲಾಯ್ಡ್ ರೈಟ್ ಇದನ್ನು ರೂಪಿಸಿ 1920ರಲ್ಲಿ ಹಕ್ಕುಸ್ವಾಮ್ಯ ಪಡೆದನು. ಅಂದಿನಿಂದ ಆ ದೇಶದ ಎಷ್ಟು ತಲೆಮಾರಿನ ಮಕ್ಕಳು ಈ ತುಂಡುಗಳಿಂದ ಕಾಡಿನಂಚಿನ ಮನೆ ಕಟ್ಟಿ ಬೆಳೆದರೋ ತಿಳಿಯದು. ಹುಡುಗ ತಲೆಯೆತ್ತಿ, "ಅಜ್ಜಾ, ಇಷ್ಟೊಂದು ಮರ ನಮ್ಮಲ್ಲೇ ಇದ್ದಲಿ, ಇಂಥ ಮನೆ ನಮ್ಮೂರಲ್ಲಿ ಎಂತಕ್ಕೆ ಇಲ್ಲೆ?" ಎಂದು ಕೇಳಿದನು. ಮಕ್ಕಳ ಪ್ರಶ್ನೆ ಎಂದು ತಳ್ಳಿಹಾಕುವಂಥದಲ್ಲ ಇದು.

ಉತ್ತರದ ಮೊದಲ ಭಾಗವನ್ನು ಮಿತ್ರರೇ ಹೇಳಿದರು. ಅಮೇರಿಕದ ದಿಮ್ಮಿಯ ಮನೆ ಪೈನಿನಂಥ ನೆಟ್ಟನೆಯ, ಹಗುರವಾದ ಮರದ ಕಾಡಿನ ಕೂಸು. ಕೊಡಲಿಯೊಂದಿದ್ದರೆ ಸಾಕು, ಮೊಳೆ ಹೆಚ್ಚು ಬೇಡ. ಮರ ಉರುಳಿಸಿ, ತುದಿ ಕಚ್ಚಿ, ಅಡ್ಡಡ್ಡಲಾಗಿ ಪೇರಿಸಿ, ಸಂದಿಗೆ ಮಣ್ಣು ಮೆತ್ತಿದರೆ ಗೋಡೆ. ಹಿಮದ ಚಳಿಗೆ ದಪ್ಪ ಮರದ ಗೋಡೆ ಬೆಚ್ಚಗಿನ ಹೊದಿಕೆಯೂ ಹೌದು. ನಮ್ಮ ಕಾಡಿನ ಮತ್ತಿ, ಹೊನ್ನೆಗಳ ದಿಮ್ಮಿಯನ್ನು ಇಬ್ಬರು ಸೇರಿದರೂ ಎತ್ತಲಾಗದು. ಹಸಿನೆಲಕ್ಕೆ ತಾಗಿ ಅಡ್ಡ ಮಲಗಿಸಿದ ಮರವನ್ನು ಮಲೆನಾಡಿನ ಮಳೆ ಕೊಳೆಯಿಸುತ್ತದೆ, ಮಳೆ ಬಿಟ್ಟುದನ್ನು ಗೆದ್ದಲು ಮುಗಿಸುತ್ತದೆ. ಆದ್ದರಿಂದ ಇಲ್ಲಿಯವರು ಮರವನ್ನು ಮಲಗಿಸಲಿಲ್ಲ, ನಿಲ್ಲಿಸಿದರು. ಕಂಬ, ತೊಲೆ, ಜಂತಿ. ನಡುವೆ ಮಣ್ಣಿನ ಗೋಡೆ ಇಲ್ಲವೆ ಬಿದಿರ ತಟ್ಟಿಗೆ ಸಗಣಿ-ಮಣ್ಣಿನ ಲೇಪ. ಮೇಲೆ ಅಡಿಕೆಯ ಸೋಗೆ ಅಥವಾ ಕರಡದ ಹುಲ್ಲು. ಅಡಿಕೆ ಮರ ಸೀಳಿದ ದಬ್ಬೆ ಅಟ್ಟಕ್ಕೂ ಆಯಿತು, ಬೇಲಿಗೂ ಆಯಿತು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಅನುಕೂಲಸ್ಥರ ಮನೆಗಳಿಗೆ ಕ್ರಮೇಣ ಹೆಂಚು ಬಂದಿತು. ಬಡವರ ಸೂರಿಗೆ ವರ್ಷ ವರ್ಷವೂ ಹೊಸ ಸೋಗೆ ಹೊದಿಸುವ ಕೆಲಸ ತಪ್ಪಲಿಲ್ಲ.

ಉತ್ತರದ ಎರಡನೆಯ ಭಾಗಕ್ಕೆ ಸಮುದ್ರ ದಾಟಿ ಹೋಗಬೇಕಾಗುತ್ತದೆ. ಮನೆಯ ಆಕಾರವಷ್ಟೇ ಅಲ್ಲ, ಅದರ ಚಿತ್ರಕ್ಕೆ ಅಲ್ಲಿ ಸಂದಿರುವ ಗೌರವವೂ ಬೇರೆ ಬಗೆಯದು. ಅಮೇರಿಕದಲ್ಲಿ ಕಾಲಿಟ್ಟ ಮೊದಲ ಇಂಗ್ಲಿಷರು ದಿಮ್ಮಿಯ ಮನೆಯಲ್ಲಿ ವಾಸಿಸಿದರೆಂಬುದು ಜನಜನಿತವಾದ ನಂಬಿಕೆ. ಅದು ನಿಜವಲ್ಲವೆಂದು ಹೆರಾಲ್ಡ್ ಶರ್ಟ್‌ಲೆಫ್ ಎಂಬ ವಿದ್ವಾಂಸನ ಗ್ರಂಥ 1939ರಲ್ಲೇ ತೋರಿಸಿಕೊಟ್ಟಿತು. ಆ ಕಟ್ಟಡ ಕಲೆಯನ್ನು ಒಯ್ದವರಲ್ಲಿ ಮೊದಲಿಗರು 1638ರಿಂದ ಡೆಲಾವೇರ್ ನದಿಯ ದಂಡೆಯಲ್ಲಿ ನೆಲೆಸಿದ ಸ್ವೀಡನ್, ಫಿನ್ಲೆಂಡುಗಳ ಜನ. ಆಮೇಲೆ ಜರ್ಮನರು ತಂದರು, ಇತರರು ಕಲಿತರು, ಪಶ್ಚಿಮದ ಕಾಡಿಗೆ ಹೊರಟ ಪ್ರತಿಯೊಬ್ಬನ ಕೈಯಲ್ಲೂ ಅದು ಸೇರಿತು.

ಬಹುಕಾಲ ಅದು ಬಡತನದ ಗುರುತಷ್ಟೇ ಆಗಿತ್ತು. ಹೆಮ್ಮೆಯ ಗುರುತಾದದ್ದು ಚುನಾವಣೆಯಿಂದ. 1840ರಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ ಎಂಬಾತ ರಾಷ್ಟ್ರಾಧ್ಯಕ್ಷ ಪದವಿಗೆ ನಿಂತಾಗ, ಈ ಮುದುಕನಿಗೆ ಒಂದು ಪೀಪಾಯಿ ಸೇಬಿನ ಮದ್ಯ ಕೊಟ್ಟರೆ ದಿಮ್ಮಿಯ ಗುಡಿಸಲಿನಲ್ಲಿ ತೆಪ್ಪಗೆ ಕೂತಿರುತ್ತಾನೆಂದು ವಿರೋಧಿ ಪತ್ರಿಕೆಯೊಂದು ಹಂಗಿಸಿತು. ಅವನ ಪಕ್ಷದವರು ಆ ಹಂಗನ್ನೇ ಬಾವುಟ ಮಾಡಿಕೊಂಡರು. ಊರೂರಿನಲ್ಲಿ ಗುಡಿಸಲಿನ ಮಾದರಿ ಮೆರೆಯಿಸಿದರು, ಗೆದ್ದರು. ಆತ ಹುಟ್ಟಿದ್ದು ವರ್ಜೀನಿಯಾದ ಶ್ರೀಮಂತ ಜಮೀನುದಾರನ ಇಟ್ಟಿಗೆಯ ಸೌಧದಲ್ಲಿ! ಅವನಿಗೆ ಹೆಸರು ತಂದುಕೊಟ್ಟದ್ದು 1811ರಲ್ಲಿ ಟಿಪ್ಪಿಕನೂ ಎಂಬಲ್ಲಿ ಆ ನೆಲದ ಮೂಲನಿವಾಸಿಗಳ ಮೇಲೆ ನಡೆಸಿದ ಕಾಳಗ. ಅಧಿಕಾರಕ್ಕೆ ಬಂದ ಒಂದೇ ತಿಂಗಳಲ್ಲಿ ತೀರಿಕೊಂಡನು. ಗುಡಿಸಲು ಮಾತ್ರ ರಾಜಕೀಯದಲ್ಲಿ ಉಳಿಯಿತು. ನಮ್ಮ ನಾಡಿನ ಚುನಾವಣೆಗಳಲ್ಲಿಯೂ ಬಡವರ ಗುಡಿಸಲಿನಲ್ಲಿ ಒಂದು ರಾತ್ರಿ ಮಲಗಿ ಎದ್ದವರನ್ನು ಕಂಡ ವಾಚಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಿಜವಾಗಿ ಅಂಥ ಮನೆಯಲ್ಲಿ ಹುಟ್ಟಿದವನು ಅಬ್ರಹಾಂ ಲಿಂಕನ್, 1809ರಲ್ಲಿ, ಕೆಂಟಕಿಯಲ್ಲಿ. ಕೆಲವು ವರ್ಷಗಳ ಹಿಂದೆ ಆ ದೇಶದಲ್ಲಿರುವ ನಮ್ಮ ಸಮಾಜದ ಕುಟುಂಬವೊಂದರ ಆಮಂತ್ರಣದಿಂದ ಹೋದಾಗ, ಹಾಜನ್‌ವಿಲ್ ಬಳಿಯ ಆ ಜನ್ಮಸ್ಥಳವನ್ನು ನೋಡಿಬಂದೆ. ಲಿಂಕನ್ ಬದುಕಿದ 56 ವರ್ಷಗಳ ಲೆಕ್ಕದಲ್ಲಿ 56 ಮೆಟ್ಟಿಲು. ಮೇಲೆ ಗ್ರೀಕರ ದೇವಾಲಯದಂಥ ಕಂಬಗಳ ಶಿಲಾಮಂದಿರ. 1909ರಲ್ಲಿ ಶಂಕುಸ್ಥಾಪನೆಯಾಗಿ 1911ರಲ್ಲಿ ಲೋಕಾರ್ಪಣೆಗೊಂಡದ್ದು. ಗರ್ಭಗುಡಿಯಲ್ಲಿ ಮೂರ್ತಿಯ ಸ್ಥಾನದಲ್ಲಿ ಒಂದು ಹಳೆಯ ಗುಡಿಸಲು! ಇದಕ್ಕಿಂತ ವಿಚಿತ್ರವಾದ ದೇವಾಲಯವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಮಂದಿರದೊಳಗೆ ಹಿಡಿಸಲಿ, ಜನ ಸುತ್ತ ಓಡಾಡಲಿ ಎಂದು ಗುಡಿಸಲಿನ ಅಳತೆಯನ್ನೇ ಕಿರಿದು ಮಾಡಿದ್ದಾರೆ. ಮೊದಲು ಈ ದಿಮ್ಮಿಗಳನ್ನು ಜಾತ್ರೆ ಪ್ರದರ್ಶನಗಳಲ್ಲಿ ಊರೂರು ತಿರುಗಿಸುತ್ತಿದ್ದರು. ಲಿಂಕನ್ನನ ಎದುರಾಳಿ ಜೆಫರ್ಸನ್ ಡೇವಿಸ್ ಹುಟ್ಟಿದ್ದೆಂದು ತೋರಿಸುತ್ತಿದ್ದ ಇನ್ನೊಂದು ಗುಡಿಸಲಿನ ದಿಮ್ಮಿಗಳೊಡನೆ ಇವು ಬೆರೆತುಹೋಗಿದ್ದುವೆಂಬುದೂ ದಾಖಲಾದ ಸಂಗತಿ. 2004ರಲ್ಲಿ ಮರದೊಳಗಿನ ಉಂಗುರಗಳನ್ನೆಣಿಸಿ ನೋಡಿದಾಗ ಈ ಮರಗಳನ್ನು ಕಡಿದದ್ದು ಲಿಂಕನ್ ಹುಟ್ಟಿ ಸುಮಾರು ನಾಲ್ಕು ದಶಕಗಳಾದ ಮೇಲೆ ಎಂದು ತಿಳಿಯಿತು. ಈಗ ಅಲ್ಲಿನ ಅಧಿಕಾರಿಗಳೇ ಅದನ್ನು ಸಾಂಕೇತಿಕ ಗುಡಿಸಲು ಎಂದು ಕರೆಯುತ್ತಾರೆ. ನಮ್ಮಲ್ಲಿ ಇಂಥ ಪರೀಕ್ಷೆಗೆ ಒಡ್ಡಿಕೊಂಡು ಫಲಿತಾಂಶವನ್ನು ಪ್ರಕಟವಾಗಿ ಹೇಳುವ ಧೈರ್ಯ ಎಷ್ಟು ಕ್ಷೇತ್ರಗಳಿಗಿದೆಯೋ!

ಇನ್ನು ಚಿಕಾಗೋ. 1893 ಎಂದೊಡನೆ ನಮಗೆ ಸ್ವಾಮಿ ವಿವೇಕಾನಂದರ ನೆನಪು. ಸೆಪ್ಟೆಂಬರಿನಲ್ಲಿ ಅವರು ಅಲ್ಲಿ ಮಾತನಾಡುವುದಕ್ಕೆ ಎರಡು ತಿಂಗಳು ಮೊದಲು, ಅದೇ ನಗರದಲ್ಲಿ ಫ್ರೆಡರಿಕ್ ಜಾಕ್ಸನ್ ಟರ್ನರ್ ಎಂಬ ಯುವ ಇತಿಹಾಸಕಾರ ಒಂದು ಪ್ರಬಂಧ ಓದಿದನು. ನಾಡು-ಕಾಡುಗಳ ಗಡಿ ಪಶ್ಚಿಮಕ್ಕೆ ಸರಿಯುತ್ತ ಹೋದದ್ದೇ ಅಮೇರಿಕದ ಪ್ರಜಾಪ್ರಭುತ್ವವನ್ನೂ ಸ್ವಭಾವವನ್ನೂ ರೂಪಿಸಿತು, ಈಗ ಆ ಗಡಿ ಮುಗಿಯಿತು, ಎಂಬುದು ಅವನ ವಾದ. ಆ ವಿಶ್ವಮೇಳದ ಪಕ್ಕದ ಬಯಲಿನಲ್ಲಿಯೇ ಬಫಲೋ ಬಿಲ್ಲನ ಪ್ರದರ್ಶನ. ಅದರಲ್ಲಿ ಜನ ಕಾತರದಿಂದ ಕಾಯುತ್ತಿದ್ದ ಪ್ರಸಂಗವೆಂದರೆ ವಲಸಿಗನ ಗುಡಿಸಲಿನ ಮೇಲೆ ಮೂಲನಿವಾಸಿಗಳ ಆಕ್ರಮಣ, ಕುದುರೆಯೇರಿ ಬಂದ ನಾಯಕನಿಂದ ರಕ್ಷಣೆ. ಯಾರ ನೆಲಕ್ಕೆ ಯಾರು ನುಗ್ಗಿದರು ಎಂಬ ಪ್ರಶ್ನೆಯನ್ನು ಆ ಒಂದು ದೃಶ್ಯ ತಲೆಕೆಳಗು ಮಾಡಿತು. ನುಗ್ಗಿದವನು ಗೃಹಸ್ಥನಾದ, ಮನೆ ಕಳೆದುಕೊಂಡವನು ದಾಳಿಕಾರನಾದ. ಮುಂದೆ ಚಲನಚಿತ್ರಗಳು ಈ ದೃಶ್ಯವನ್ನು ಲೋಕದ ಮೂಲೆಮೂಲೆಗೆ ಒಯ್ದವು.

ಮಕ್ಕಳ ಪುಸ್ತಕಗಳಲ್ಲಿ ಇದು ಇನ್ನೂ ಸೌಮ್ಯ ರೂಪದಲ್ಲಿ ಬಂದಿತು. ಲಾರಾ ಇಂಗಲ್ಸ್ ವೈಲ್ಡರ್ ಎಂಬಾಕೆ ತನ್ನ ಬಾಲ್ಯವನ್ನು ಕುರಿತು 1932ರಿಂದ ಬರೆದ ಪುಸ್ತಕಮಾಲೆ ಬಹು ಪ್ರಸಿದ್ಧ. ತಂದೆ ದಿಮ್ಮಿ ಪೇರಿಸುವುದು, ತಾಯಿ ಒಲೆ ಹೂಡುವುದು, ಹೊರಗೆ ತೋಳದ ಕೂಗು: ಗೃಹಸ್ಥ ಜೀವನದ ಮಾಧುರ್ಯವನ್ನು ಅಷ್ಟು ಚೆನ್ನಾಗಿ ಬರೆದವರು ವಿರಳ. ಆದರೆ 1935ರ ಪುಸ್ತಕದಲ್ಲಿ, ಅವರು ಹೊರಟ ಸೀಮೆಯಲ್ಲಿ ಜನರೇ ಇರಲಿಲ್ಲ, ಮೂಲನಿವಾಸಿಗಳು ಮಾತ್ರ ಇದ್ದರು ಎಂಬ ಅರ್ಥದ ಮಾತಿತ್ತು. ಓದಿದವರೊಬ್ಬರು ಆಕ್ಷೇಪಿಸಿದ ಮೇಲೆ 1953ರ ಮುದ್ರಣದಲ್ಲಿ ಜನ ಎಂಬ ಪದವನ್ನು ತೆಗೆದು ವಲಸಿಗರು ಎಂದು ತಿದ್ದಿದರು. ಆ ಸೀಮೆ ಓಸೇಜ್ ಎಂಬ ಜನಾಂಗದ ನೆಲವಾಗಿತ್ತು.

ಈ ತಿದ್ದುಪಡಿಯನ್ನು ಉಮ್ಮಚಗಿಯ ಸುತ್ತಲ ಕಾಡಿಗೆ ಹಚ್ಚಿ ನೋಡಬೇಕೆಂಬುದೇ ನಾನು ಇಷ್ಟು ದೂರ ಸುತ್ತಿಬಂದುದರ ಕಾರಣ. ನಾವೂ ಘಟ್ಟದ ಈ ಕಾಡನ್ನು ನಿರ್ಜನವೆಂದೇ ವರ್ಣಿಸುತ್ತೇವೆ. ಮಾಗೋಡಿನ ಜಲಪಾತಕ್ಕೆ ಬಂದ ಪ್ರವಾಸಿಗರು ಬೇಡ್ತಿಯ ಕಣಿವೆಯನ್ನು ನೋಡಿ, ಆಹಾ, ನರಪಿಳ್ಳೆಯಿಲ್ಲ ಎನ್ನುತ್ತಾರೆ. ಇಲ್ಲಿ ಕುಣಬಿಗಳಿದ್ದಾರೆ, ಎಮ್ಮೆಗಳ ಹಿಂಡಿನೊಡನೆ ಮಹಾರಾಷ್ಟ್ರದ ಕಡೆಯಿಂದ ಬಂದು ನೆಲೆಸಿದ ಗೌಳಿಗಳಿದ್ದಾರೆ, ಸಿದ್ದಿಗಳಿದ್ದಾರೆ. ಸಿದ್ದಿಗಳ ಪೂರ್ವಜರು ಆಫ್ರಿಕದವರು. ಪೋರ್ಚುಗೀಸರ ಗೋವೆಗೆ ಗುಲಾಮರಾಗಿ ಬಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟ ಹತ್ತಿ ಈ ಕಾಡಿನಲ್ಲಿ ಮರೆಯಾದರು. ಅಮೇರಿಕದಲ್ಲಿಯೂ ಗುಲಾಮರನ್ನು ಇಡುತ್ತಿದ್ದುದು ಬಹುಮಟ್ಟಿಗೆ ದಿಮ್ಮಿಯ ಗುಡಿಸಲುಗಳಲ್ಲಿಯೇ. ಕರಿಯರ ಶಿಕ್ಷಣಕ್ಕಾಗಿ ದುಡಿದ ಬೂಕರ್ ಟಿ. ವಾಷಿಂಗ್ಟನ್ ಹುಟ್ಟಿದ್ದು ಅಂಥದೊಂದರಲ್ಲಿ. ಆದರೆ ಮೆರವಣಿಗೆಯಲ್ಲಿ ಮೆರೆದ ಗುಡಿಸಲು ಅದಾಗಿರಲಿಲ್ಲ.

ಅಲ್ಲಿಯ ಚಿತ್ರದಲ್ಲಿ ಕಾಡಂಚಿನ ಮನೆ ಮುನ್ನುಗ್ಗಿದವನ ಗುರುತು. ಇಲ್ಲಿ ಅದು ಬೆನ್ನಟ್ಟಿಸಿಕೊಂಡು ಬಂದವನ ಆಸರೆ. ನಮ್ಮ ಓದುಗರಿಗೆ ಇದು ಹೊಸತಲ್ಲ. ಕಲ್ಯಾಣದ ವಿಪ್ಲವದ ತರುವಾಯ ಚೆನ್ನಬಸವಣ್ಣನವರೂ ಅಕ್ಕನಾಗಮ್ಮನವರೂ ಶರಣರ ಸಮೂಹದೊಡನೆ ಬಂದು ಸೇರಿದ ಉಳವಿ ಇದೇ ಉತ್ತರ ಕನ್ನಡದ ಕಾಡಿನಲ್ಲಿದೆ, ಜೋಯಿಡಾ ತಾಲೂಕಿನಲ್ಲಿ. ಮಾಘದ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ನಮ್ಮವರು ಅಲ್ಲಿನ ಗವಿಗಳನ್ನು ದರ್ಶಿಸುತ್ತಾರೆ. ಕಾಡು ಶರಣರನ್ನು ಬಚ್ಚಿಟ್ಟುಕೊಂಡಿತೆಂದು ನಾವು ಹೇಳುವುದುಂಟು. ಬಚ್ಚಿಟ್ಟುಕೊಂಡದ್ದು ಬರಿಯ ಮರಗಳೇ? ಗವಿಯ ದಾರಿ, ಬೇಸಗೆಯಲ್ಲಿ ನೀರಿರುವ ಜಾಗ, ತಿನ್ನಬಹುದಾದ ಗೆಡ್ಡೆ, ಇವನ್ನು ತೋರಿಸಿಕೊಟ್ಟ ಜನ ಆಗಲೂ ಅಲ್ಲಿ ಇದ್ದಿರಲೇಬೇಕೆಂದು ನನ್ನ ಊಹೆ. ಅವರ ಹೆಸರು ನಮ್ಮ ಪುರಾಣಗಳಲ್ಲಿ ಬಂದಿಲ್ಲ.

ಕನ್ನಡದಲ್ಲಿ ಕಾಡಂಚಿನ ಮನೆಯ ಕಥೆ ಎಂದರೆ ಶಿವರಾಮ ಕಾರಂತರ 1943ರ 'ಬೆಟ್ಟದ ಜೀವ'. ಅಲ್ಲಿಯ ಗೋಪಾಲಯ್ಯನವರೂ ಕಾಡು ಕಡಿದು ತೋಟ ಮಾಡಿದವರೇ. ಆದರೆ ಆ ವೃದ್ಧ ದಂಪತಿಗಳ ಮನೆಯಲ್ಲಿ ಗೆದ್ದವರ ಅಟ್ಟಹಾಸ ಕೇಳಿಸುವುದಿಲ್ಲ. ಆನೆ-ಹುಲಿಗಳ ಕಾಟದ ಜೊತೆಗೆ, ಮನೆಬಿಟ್ಟು ಹೋದ ಮಗನ ನಿರೀಕ್ಷೆಯಿದೆ. ಸಿನಿಮಾ ಬೇರೆ ದಾರಿ ಹಿಡಿಯಿತು. 1973ರ 'ಗಂಧದ ಗುಡಿ'ಯಲ್ಲಿ ಕಾಡಿನ ನಾಯಕ ಅರಣ್ಯಾಧಿಕಾರಿ. ಸಿದ್ದಿಗಳೇ ರಂಗದ ಮೇಲೆ ಬಂದ ಪ್ರಸಂಗವೂ ಉಂಟು. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಚಿದಂಬರ ರಾವ್ ಜಂಬೆಯವರು ಉಮ್ಮಚಗಿಗೆ ನೆರೆಯೂರಾದ ಮಂಚಿಕೇರಿಯಲ್ಲಿ ಸಿದ್ದಿ ಕಲಾವಿದರಿಂದ ಆಡಿಸಿದ ನಾಟಕಕ್ಕೆ ಮೂಲ ನೈಜೀರಿಯದ ಚಿನುವಾ ಅಚಿಬೆಯವರ ಕಾದಂಬರಿ. ಬಿಳಿಯರು ಬಂದಾಗ ಮೊದಲೇ ಅಲ್ಲಿದ್ದವರಿಗೆ ಏನಾಯಿತು ಎಂಬ ಕಥೆ. ಬಫಲೋ ಬಿಲ್ಲನ ದೃಶ್ಯವನ್ನು ಆಚೆ ಕಡೆಯಿಂದ ನೋಡಿದಂತೆ.

ಈಗ ದಾಂಡೇಲಿಯಿಂದ ಶಿರಸಿಯವರೆಗೆ ಪ್ರವಾಸಿ ತಂಗುದಾಣಗಳು ಬೆಳೆದಿವೆ. ಅವುಗಳ ಜಾಹೀರಾತಿನಲ್ಲಿ ಸೋಗೆಯ ಸೂರಿಗಿಂತ ದಿಮ್ಮಿಯ ಮನೆಗೆ ಬೇಡಿಕೆ ಹೆಚ್ಚು. ತೇಗ, ಬೀಟೆಗಳಿಗೆ ಕೊಡಲಿ ಹಾಕಲು ಅರಣ್ಯ ಇಲಾಖೆಯ ಪರವಾನಿಗೆ ಬೇಕಾದ್ದರಿಂದ, ಸಿಮೆಂಟಿನಲ್ಲಿಯೇ ದಿಮ್ಮಿ ಎರೆದು, ತೊಗಟೆಯ ಗೆರೆ ಕೊರೆದು, ಕಂದು ಬಣ್ಣ ಬಳಿಯುವ ಕುಶಲ ಕೆಲಸಗಾರರು ಎಲ್ಲೆಡೆ ಸಿಗುತ್ತಾರೆ. ಅದನ್ನು ಕಂಡರೆ ನನಗೆ ಸಿಟ್ಟಿಗಿಂತ ನಗು ಬರುತ್ತದೆ.

ನಗು ಬಾರದ ಸಂಗತಿ ಕಾನೂನಿನದು. ಲಿಂಕನ್ ಅಧ್ಯಕ್ಷನಾಗಿದ್ದಾಗ 1862ರಲ್ಲಿ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯಿದೆಯಂತೆ, ಮನೆ ಕಟ್ಟಿ ಐದು ವರ್ಷ ವಾಸಿಸಿ ಸಾಗುವಳಿ ಮಾಡಿದವನಿಗೆ 160 ಎಕರೆ ಭೂಮಿ ಸ್ವಂತವಾಗುತ್ತಿತ್ತು. ಮೊದಲೇ ಅಲ್ಲಿದ್ದವರನ್ನು ತೆರವು ಮಾಡಿ ಪಡೆದ ಭೂಮಿ ಅದು. ಉತ್ತರ ಕನ್ನಡ 1862ರಲ್ಲಿಯೇ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಶತಮಾನದಲ್ಲಿ ಇಲ್ಲಿ ನಡೆದದ್ದು ಇದಕ್ಕೆ ವಿರುದ್ಧ: ಕುಮರಿ ಬೇಸಾಯಕ್ಕೆ ತಡೆ ಬಿದ್ದಿತು, ಕಾಡು ಸರಕಾರದ್ದಾಯಿತು. ಅಡಿಕೆ ತೋಟಿಗರಿಗೆ ಎಕರೆ ತೋಟಕ್ಕೆ ಒಂಬತ್ತು ಎಕರೆಯ ಲೆಕ್ಕದಲ್ಲಿ ಸೊಪ್ಪಿನ ಬೆಟ್ಟದ ಸವಲತ್ತು ಉಳಿಯಿತು. ತೋಟವಿಲ್ಲದವನಿಗೆ ಅದೂ ಇಲ್ಲ. 2006ರ ಅರಣ್ಯ ಹಕ್ಕು ಕಾಯಿದೆ ಈ ಅನ್ಯಾಯವನ್ನು ಸರಿಪಡಿಸಲೆಂದೇ ಬಂದಿತು. 2005ರ ಡಿಸೆಂಬರ್ 13ಕ್ಕೆ ಮೊದಲು ಕಾಡಿನಲ್ಲಿ ನೆಲೆಸಿದ ಪರಿಶಿಷ್ಟ ಪಂಗಡದವರಿಗೆ ನಾಲ್ಕು ಹೆಕ್ಟೇರಿಗೆ ಮೀರದಂತೆ ಹಕ್ಕು. ಉಳಿದವರಾದರೆ 75 ವರ್ಷಗಳ ವಾಸಕ್ಕೆ ಪುರಾವೆ ಕೊಡಬೇಕು. ಸಿದ್ದಿಗಳನ್ನು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿಸಿದುದರಿಂದ ಅವರಿಗೆ ದಾರಿ ಸ್ವಲ್ಪ ಸುಲಭವಾಯಿತು. ಆ ಪಟ್ಟಿಗೆ ಸೇರಿಸಿರೆಂದು ಕುಣಬಿಗಳೂ ಗೌಳಿಗಳೂ ವರ್ಷಗಳಿಂದ ಬೇಡುತ್ತ ಬಂದಿದ್ದಾರೆ. ಐದು ವರ್ಷಕ್ಕೊಮ್ಮೆ ಕೊಳೆತುಹೋಗುವ ಸೂರಿನಡಿ ಬದುಕಿದವನು 75 ವರ್ಷದ ಕಾಗದವನ್ನು ಎಲ್ಲಿಂದ ತಂದಾನು? ಕಾಡು ಉಳಿಯಬೇಕೆಂಬುದನ್ನು ನಾನೂ ಬಲ್ಲೆ. 1983ರಲ್ಲಿ ಸಳಕಣಿಯಲ್ಲಿ ಮರಗಳನ್ನಪ್ಪಿ ನಿಂತು ಅಪ್ಪಿಕೋ ಚಳವಳಿಗೆ ನಾಂದಿ ಹಾಡಿದ ಸೀಮೆಯಿದು. ಆದರೆ ಕಾಡನ್ನು ಉಳಿಸುವ ಮಾತಿನಲ್ಲಿ ಕಾಡಿನಲ್ಲಿದ್ದವರು ಒತ್ತುವರಿದಾರರೆನಿಸಿಕೊಂಡರೆ, ಬಫಲೋ ಬಿಲ್ಲನ ಆಟವೇ ಬೇರೆ ವೇಷದಲ್ಲಿ ನಡೆದಂತಾಯಿತು.

ಎರಡನೆಯ ದಿನ ಮಿತ್ರರು ತೋಟದಾಚೆಯ ಸಿದ್ದಿ ಕೇರಿಗೆ ಕರೆದೊಯ್ದರು. ತಟ್ಟಿಗೋಡೆಯ ಮನೆಗಳು ಕಡಿಮೆಯಾಗಿ ಹೆಂಚಿನ ಮನೆಗಳೇ ಹೆಚ್ಚಾಗಿದ್ದವು. ಹಿರಿಯ ಹೆಣ್ಣುಮಗಳೊಬ್ಬಳು ಅಂಗಳದಲ್ಲಿ ಕೌದಿ ಹೊಲಿಯುತ್ತಿದ್ದಳು. ಕೌದಿಯೆಂದರೆ ನಮ್ಮ ಕಡೆಯ ಮನೆಗಳಿಗೆ ಹೇಳಿಕೊಡಬೇಕೆ? ಅಜ್ಜಿಯರ ಹಳೆಯ ಇಳಕಲ್ಲ ಸೀರೆಗಳ ಮೆದುವಿನಲ್ಲಿ ಮಲಗಿ ಬೆಳೆದವರು ನಾವು. ಸಿದ್ದಿಗಳು ಅದನ್ನು ಕವಂದಿ ಎನ್ನುತ್ತಾರೆ. ಅಮೇರಿಕದ ಹೆಣ್ಣುಮಕ್ಕಳ ಕೌದಿಯಲ್ಲಿ ದಿಮ್ಮಿಯ ಮನೆ ಎಂದೇ ಹೆಸರಾದ ಒಂದು ವಿನ್ಯಾಸವಿದೆ, ಲಿಂಕನ್ನನ ಕಾಲದಿಂದ ಹಬ್ಬಿದ್ದು. ನಡುವೆ ಒಂದು ಕೆಂಪು ಚೌಕ. ಅದು ಒಲೆಯ ಬೆಂಕಿ ಎಂದು ಹೇಳುವ ವಾಡಿಕೆ. ಅದರ ಸುತ್ತ ದಿಮ್ಮಿ ಪೇರಿಸಿದಂತೆ ಬಟ್ಟೆಯ ಪಟ್ಟಿಗಳನ್ನು ಹೊಲಿಯುತ್ತ ಹೊರಗೆ ಹೊರಗೆ ಬೆಳೆಸುತ್ತಾರೆ. ಸಿದ್ದಿ ಹೆಣ್ಣುಮಗಳ ಕ್ರಮ ಇದಕ್ಕೆ ತಿರುಗುಮುರುಗು. ಅಂಚಿನ ಮೂಲೆಯಿಂದ ಆರಂಭಿಸಿ, ಸುತ್ತು ಹಾಕುತ್ತ, ಒಳಗೆ ಒಳಗೆ ಬಂದು ನಡುವಿನಲ್ಲಿ ಮುಗಿಸುತ್ತಾಳೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿದ ತ್ರಿಕೋನಗಳನ್ನು ಇಟ್ಟು ಹೊಲಿಯುವುದುಂಟು. ಅದಕ್ಕೆ ಫುಲಾ, ಅಂದರೆ ಹೂವು, ಎನ್ನುತ್ತಾರೆ. ಅದಿಲ್ಲದ ಕೌದಿ ಬತ್ತಲೆ ಎಂದು ಅವರ ಭಾವನೆ. ಅಮೇರಿಕದ ಕಲಾ ವಿದ್ವಾಂಸ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಭ್ಯಾಸ ಮಾಡಿ, ತಮ್ಮ ದೇಶದಲ್ಲಿ ಪ್ರದರ್ಶನಕ್ಕೂ ಇರಿಸಿದರು.

"ಮನೆಯ ಹಕ್ಕುಪತ್ರ ಬಂತೇನಮ್ಮ?" ಎಂದು ಮಿತ್ರರು ಕೇಳಿದರು. "ಮನೆಗೆ ಬಂದದೆ ಒಡೆಯಾ. ಗದ್ದೆದು ಇನ್ನೂ ಆಫೀಸಿನಾಗೇ ಅದೆ. ಹಳೇ ಮನೆ ಫೋಟೋ ತೆಗೆಯೂಕೆ ಕಾರಿನಾಗೆ ಬರ್ತರೆ. ನಮಗೆ ಸ್ಲ್ಯಾಬಿನ ಮನೆ ಆಗ್ಬೇಕು, ಮಳೆಗೆ ಸೋರ್ದೇ ಇದ್ದದ್ದು" ಎಂದಳು, ಸೂಜಿಯಿಂದ ಕಣ್ಣೆತ್ತದೆ.

ಒಂದು ಕೌದಿಯನ್ನು ಕೊಳ್ಳಬೇಕೆಂದು ನನಗೆ ಆಸೆಯಾಯಿತು. ಕೈಯಲ್ಲಿದ್ದುದನ್ನು ಬೆಲೆ ಎಷ್ಟೆಂದು ವಿಚಾರಿಸಿದೆ. ಆಕೆ ನನ್ನ ಹಣೆಯ ವಿಭೂತಿಯನ್ನೊಮ್ಮೆ ನೋಡಿ, "ಇದು ಮೊಮ್ಮಗಳ ತೊಟ್ಟಿಲಿಗೆ ಸ್ವಾಮೀ, ಕೊಡೂದಲ್ಲ. ಶಿವರಾತ್ರಿ ಕಳೆದ ಮೇಲೆ ಬನ್ನಿ, ಬೇರೆ ಹೊಲ್ದಿಡ್ತೆ" ಎಂದಳು.